ಏಸಿ 18ಕ್ಕೆ ಒತ್ತಿದರೆ ಬೇಗ ತಂಪಾಗಲ್ಲ

ಗದಗಿನ ಏಪ್ರಿಲ್ ಬಿಸಿಲಿಗೆ ನಮ್ಮ ಸ್ಲ್ಯಾಬಿನ ಮನೆ ರಾತ್ರಿ 10 ಆದರೂ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಹಳೇ ಮಣ್ಣಿನ ಮಾಳಿಗೆ ಮನೆಯಲ್ಲಿ ಈ ಕಾಟ ಇರಲಿಲ್ಲ. ಅದನ್ನು ಕೆಡವಿದವರು ನಾವೇ, ಯಾರಿಗೆ ಹೇಳೋಣ? ಕೊನೆಗೆ ಮಗ ಏಸಿ ಹಾಕಿಸಿಕೊಟ್ಟ.

ಮೊಮ್ಮಗ ಹೊರಗಿಂದ ಬಂದವನೇ ರಿಮೋಟ್ ಹಿಡಿದು 18ಕ್ಕೆ ಒತ್ತುತ್ತಿದ್ದ. ಬೇಗ ತಂಪಾಗಲಿ ಅಂತ. ಹಾಗೆ ಆಗಲ್ಲ. ನಮ್ಮದು ಇನ್ವರ್ಟರ್ ಇಲ್ಲದ ಏಸಿ, ಅಂದರೆ ಬೇಕಾದಂತೆ ವೇಗ ಹೆಚ್ಚು ಕಡಿಮೆ ಮಾಡಿಕೊಳ್ಳಲು ಬಾರದ್ದು. 18 ಇರಲಿ, 25 ಇರಲಿ, ಅದು ಕೆಲಸ ಮಾಡುವ ವೇಗ ಒಂದೇ. ಎಲ್ಲಿಗೆ ಬಂದಾಗ ನಿಲ್ಲಬೇಕು ಅಂತ ಹೇಳೋದಷ್ಟೇ ಆ ಅಂಕಿಯ ಕೆಲಸ. 25ಕ್ಕೆ ಇಟ್ಟ ದಿನ ಹೊರಗಿನ ಡಬ್ಬಿ ಗುಂಯ್ ಅಂದು, ಸ್ವಲ್ಪ ಹೊತ್ತಿಗೆ ಟಕ್ ಅಂತ ನಿಲ್ಲುತ್ತದೆ. 18ರ ದಿನ ಕಿವಿಗೊಟ್ಟು ಕೂತೆ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಂಡರೂ ಆ ಟಕ್ ಬರಲಿಲ್ಲ. ತಿಂಗಳ ಕೊನೆಗೆ ಬಿಲ್ಲು ಬಂತು.

24ರಿಂದ 26ರ ನಡುವೆ ಇಡಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಲೆಕ್ಕ ಹಾಕಿದೆ. 2020ರಿಂದ ಸ್ಟಾರ್ ಗುರುತಿನ ಏಸಿಗಳು 24ಕ್ಕೇ ಶುರುವಾಗಬೇಕು ಅನ್ನೋ ನಿಯಮವೂ ಇದೆ. ಸುಮ್ನೆ ಬಿಟ್ಟರೆ ಸರಿಯಾಗಿಯೇ ಇರುತ್ತದೆ, ಕೈಯಾಡಿಸಿ ಕೆಡಿಸುವವರು ನಾವು. ಸೆಕೆ ಅನಿಸಿದರೆ ಜೊತೆಗೆ ಫ್ಯಾನ್ ಸಣ್ಣಗೆ ಹಾಕಿ. 26 ಕೂಡ ಹಿತ ಅನಿಸುತ್ತದೆ.

ನಾನೂ ಒಂದು ಪೆದ್ದತನ ಮಾಡಿದ್ದೆ. ಏಸಿ ಹಾಕಿದ ಕೋಣೆಯಲ್ಲೇ ಕೂಲರನ್ನೂ ಓಡಿಸಿದೆ, ಡಬಲ್ ತಂಪು ಅಂತ. ಕೂಲರ್ ಗಾಳಿಗೆ ಸೇರಿಸಿದ ನೀರನ್ನೆಲ್ಲ ಏಸಿ ಹಿಂಡಿ ಹಿಂಡಿ ಹೊರಗೆ ಹಾಕುತ್ತಿತ್ತು. ಪೈಪಿನ ಕೆಳಗೆ ಇಟ್ಟ ಬಕೆಟ್ಟು ತುಂಬಿ ಹರಿದಾಗ ತಲೆಗೆ ಹೊಳೆಯಿತು. ಕೂಲರಿಗೆ ಕಿಟಕಿ ತೆರೆದಿರಬೇಕು, ಏಸಿಗೆ ಮುಚ್ಚಿರಬೇಕು. ಎರಡಕ್ಕೂ ಒಂದೇ ಕೋಣೆಯಲ್ಲಿ ಬಾಳ್ವೆ ಆಗಲ್ಲ. ನಮ್ಮ ಒಣ ಬಿಸಿಲಿಗೆ ಹಗಲು ಕೂಲರ್ ಸಾಕು. ಅಡ್ಡಮಳೆ ಬಿದ್ದು ಗಾಳಿ ಜಿಗಟಾದ ಮೇಲೆ ಮಾತ್ರ ಅದು ಕೈಕೊಡುತ್ತದೆ.

ಎರಡು ವಾರಕ್ಕೊಮ್ಮೆ ಏಸಿಯ ಫಿಲ್ಟರ್ ತೆಗೆದು ನಲ್ಲಿ ಕೆಳಗೆ ತೊಳೆಯಿರಿ. ನಮ್ಮೂರ ಧೂಳು ಗೊತ್ತಲ್ವಾ? ಸಂಜೆ ಏಸಿ ಹಾಕುವ ಮೊದಲು ಕಿಟಕಿ ತೆರೆದು ಒಳಗಿನ ಕಾವು ಹೊರಗೆ ಹೋಗಲು ಬಿಡಿ. ಬೆಳಗಿನ 4ಕ್ಕೆ ಆಫ್ ಆಗುವಂತೆ ಟೈಮರ್ ಇಡಿ. ಅಷ್ಟು ಹೊತ್ತಿಗೆ ಹೊರಗೇ ತಂಪಾಗಿರುತ್ತದೆ. ನಾನಂತೂ ಎದ್ದು ಕಿಟಕಿ ತೆರೆದು ಮತ್ತೆ ಮಲಗುತ್ತೇನೆ.