ಲೈನ್ ಮನೆಯಿಂದ ಒಂದನೇ ಕ್ಲಾಸಿಗೆ: ಕೊಡಗಿನಲ್ಲಿ ನಾವು ಲೆಕ್ಕ ಹಿಡಿಯುವ ಬಗೆ

ಮಕ್ಕಳು ಒಂದನೇ ತರಗತಿಗೆ ಎಷ್ಟು ತಯಾರಾಗಿದ್ದಾರೆ ಎಂದು ಶಾಲೆವಾರು ನೋಡಿದರೆ ಕೊಡಗಿನಲ್ಲಿ ಏನೂ ತಿಳಿಯುವುದಿಲ್ಲ. ಪೇಟೆ ಬದಿಯ ಮಗು, ಕಾಫಿ ತೋಟದೊಳಗಿನ ಲೈನ್ ಮನೆಯ (ಕಾರ್ಮಿಕರ ಸಾಲುಮನೆಯ) ಮಗು ಎರಡೂ ಒಂದೇ ಶಾಲೆಗೆ ಬರುತ್ತವೆ. ಸರಾಸರಿ ತೆಗೆದರೆ ಎರಡರ ಕಥೆಯೂ ಮುಚ್ಚಿಹೋಗುತ್ತದೆ. ಅದಕ್ಕೇ ನಮ್ಮ ಹಾಳೆಯ ಮೊದಲ ಕಾಲಮ್ಮಿನಲ್ಲಿ ಮಗು ರಾತ್ರಿ ಮಲಗುವ ಜಾಗ ಇರುತ್ತದೆ: ಯಾವ ಲೈನ್, ಯಾವ ಹಾಡಿ (ಆದಿವಾಸಿಗಳ ವಸತಿ), ಯಾವ ಪೈಸಾರಿ (ಸರಕಾರಿ ಜಾಗದ ವಸತಿ). ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇಡಿಐ (ಅರ್ಲಿ ಡೆವಲಪ್‌ಮೆಂಟ್ ಇನ್‌ಸ್ಟ್ರುಮೆಂಟ್, ಶಾಲೆ ಸೇರುವ ವಯಸ್ಸಿನ ಮಕ್ಕಳ ಬೆಳವಣಿಗೆ ಅಳೆಯುವ ಪ್ರಶ್ನಾವಳಿ) ಮಾಪನದ ದಾರಿಯೂ ಇದೇ. ಅಲ್ಲಿ ಟೀಚರ್ ಒಂದೊಂದು ಮಗುವಿನ ಬಗ್ಗೆ ತುಂಬಿದ್ದನ್ನು ಒಟ್ಟು ಮಾಡಿ ವಾಸದ ಬಡಾವಣೆವಾರು ಓದುತ್ತಾರೆ. ದೈಹಿಕ ಆರೋಗ್ಯ, ಬೇರೆಯವರೊಂದಿಗೆ ಬೆರೆಯುವುದು, ಭಾವನೆಯ ಹದ, ಭಾಷೆ ಮತ್ತು ಗ್ರಹಿಕೆ, ಮಾತು ಮತ್ತು ಸಾಮಾನ್ಯ ತಿಳಿವಳಿಕೆ ಎಂಬ ಅದರ ಐದು ತಲೆಬರಹ ನಮಗೂ ಸಾಕು. ತಲೆಬರಹದ ಕೆಳಗೆ ಏನು ನೋಡಬೇಕೆನ್ನುವುದು ಮಾತ್ರ ಇಲ್ಲಿಯದೇ ಆಗಿರಬೇಕು.

ಕಾಲ ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ರಜೆ, ಜ್ವರ. ಅಂಗನವಾಡಿ ಟೀಚರಿಗೆ ಮಗು ಸರಿಯಾಗಿ ಪರಿಚಯವಾಗಿರುವುದಿಲ್ಲ. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು, ಜನವರಿಯಿಂದ ರೋಬಸ್ಟಾ. ಆಗ ಕೆಲವು ಮಕ್ಕಳು ಅಮ್ಮನ ಜೊತೆ ತೋಟಕ್ಕೆ, ಕೆಲವರು ತಂಗಿ ತಮ್ಮಂದಿರ ಕಾವಲಿಗೆ. ದಸರಾ ರಜೆ ಮುಗಿದು ಕೊಯ್ಲು ಬಿರುಸಾಗುವ ಮೊದಲಿನ ವಾರಗಳೇ ಸರಿ. ಮುಂದಿನ ಜೂನ್‌ಗೆ ಶಾಲೆ ಸೇರುವ ಅಂಗನವಾಡಿ ಮಕ್ಕಳನ್ನು ಆಗಲೇ ನೋಡುತ್ತೇವೆ. ಸೇರಿ ತಿಂಗಳೂ ಆಗದ ಮಗುವಿನ ಹಾಳೆ ಪಕ್ಕಕ್ಕಿಡಿ, ಅದು ಅಂದಾಜು ಅಷ್ಟೇ.

ಆಟದ ಜಾಗದ ಪ್ರಶ್ನೆಯನ್ನು ಹೆಚ್ಚಿನವರು ತಪ್ಪಾಗಿ ಕೇಳುತ್ತಾರೆ. ‘ಜಾಗ ಇದೆಯೇ?’ ಎಂದರೆ ಎಲ್ಲರೂ ಇದೆ ಎನ್ನುತ್ತಾರೆ, ಸುತ್ತಲೂ ತೋಟ ತಾನೆ! ಕೇಳಬೇಕಾದ್ದು, ಯಾವ ತಿಂಗಳು ಇದೆ ಎಂದು. ಇಳಿಜಾರಿನ ತೋಟದಲ್ಲಿ ಸಮತಟ್ಟಾದ ನೆಲವೆಂದರೆ ಹೆಚ್ಚಾಗಿ ಕಾಫಿ ಒಣಗಿಸುವ ಕಣ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಕಾಫಿ ಹರಡಿರುತ್ತದೆ, ಕಾಲಿಟ್ಟರೆ ಬೈಗುಳ. ಮಳೆಗಾಲದಲ್ಲಿ ಪಾಚಿ, ಜಾರಿಕೆ. ಉಳಿದದ್ದು ಅಕ್ಟೋಬರ್-ನವೆಂಬರ್ ಮತ್ತು ಏಪ್ರಿಲ್-ಮೇ. ಮಿಕ್ಕ ದಿನ ಹೊಗೆ ತುಂಬಿದ ಒಂದೇ ಕೋಣೆ. ಈ ಮಕ್ಕಳ ಕಾಲು ಗಟ್ಟಿ, ಮರ ಹತ್ತುವುದರಲ್ಲಿ ಪೇಟೆಯವರನ್ನು ಮೀರಿಸುತ್ತಾರೆ. ದೈಹಿಕ ವಿಭಾಗದಲ್ಲಿ ಓಡುವ, ಹತ್ತುವ ಭಾಗಕ್ಕೆ ಕಡಿಮೆ ಅಂಕ ಹಾಕಿದ್ದರೆ ಹಾಕಿದವರನ್ನೇ ಅನುಮಾನಿಸಿ. ಹಿಂದೆ ಬೀಳುವುದು ಸರದಿ ಕಾಯುವ ಆಟದಲ್ಲಿ, ಬಳಪ ಹಿಡಿಯುವುದರಲ್ಲಿ, ಪುಸ್ತಕದ ಪುಟ ತಿರುಗಿಸುವುದರಲ್ಲಿ. ಬೆರಳಿನ ಚಟುವಟಿಕೆಗೆ ಬಾಟಲಿ ಮುಚ್ಚಳ ಕೊಡಿ, ಕಾಫಿ ಬೀಜ ಬೇಡ. ಅದು ಮೂಗಿಗೆ, ಕಿವಿಗೆ ಹೋಗುತ್ತದೆ.

ಭಾಷೆಯಲ್ಲಿ ಎಡವುವವರೇ ಹೆಚ್ಚು. ಮನೆಯಲ್ಲಿ ಯರವ, ಜೇನುಕುರುಬ, ಮಲಯಾಳಂ, ತಮಿಳು, ಈಗ ಅಸ್ಸಾಮಿ, ಬಂಗಾಳಿ; ಶಾಲೆಯಲ್ಲಿ ಕನ್ನಡ. ಹಾಗಾಗಿ ಒಂದೇ ಸೂಚನೆಯನ್ನು ಎರಡು ಸಲ ಕೊಡುತ್ತೇವೆ. ‘ಚೆಂಡನ್ನು ಡಬ್ಬಿಯ ಹಿಂದೆ ಇಡು’ ಎಂಬುದನ್ನು ಮೊದಲು ಅಕ್ಕನೋ ಅಣ್ಣನೋ ಮನೆಮಾತಿನಲ್ಲಿ ಹೇಳಬೇಕು, ಕೈಯಲ್ಲಿ ತೋರಿಸದೆ. ಆಮೇಲೆ ಟೀಚರ್ ಕನ್ನಡದಲ್ಲಿ. ಮನೆಮಾತಿನಲ್ಲಿ ಮಾಡಿ ಕನ್ನಡದಲ್ಲಿ ಸುಮ್ಮನೆ ನಿಂತರೆ ಗ್ರಹಿಕೆಗೆ ಏನೂ ಆಗಿಲ್ಲ, ಅದಕ್ಕೆ ಕನ್ನಡ ಕೇಳಿ ಗೊತ್ತಿಲ್ಲ, ಅಷ್ಟೇ. ಎರಡರಲ್ಲೂ ಆಗದಿದ್ದರೆ ಮೊದಲು ಕಿವಿ ನೋಡಿಸಿ. ಮಳೆಗಾಲದ ನೆಗಡಿ ಕಿವಿಗೆ ಇಳಿದು ಸೋರುತ್ತಿದ್ದರೂ ಮನೆಯವರು ಅದನ್ನು ಕಾಯಿಲೆ ಅಂದುಕೊಂಡಿರುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರಬೇಕು. ಆ ದಿನಕ್ಕೆ ಇಂಥವರ ಪಟ್ಟಿ ಕೈಯಲ್ಲಿರಲಿ.

ಅಂಗನವಾಡಿಯ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ನಾಲ್ಕು ವರ್ಷದ ಮಗುವಿನ ಕೈ ಹಿಡಿದು ನಡೆದು ನಿಮಿಷ ಬರೆದುಕೊಳ್ಳಿ. ದೊಡ್ಡವರಿಗೆ ಕಾಲು ಗಂಟೆಯ ದಾರಿಗೆ ಮಗುವಿಗೆ ಅದರ ಎರಡರಷ್ಟು ಬೇಕಾಗಬಹುದು. ತೋಟದ ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ, ಕಾಲುಸಂಕ ಮಳೆಯಲ್ಲಿ ನಿಲ್ಲುತ್ತದೆಯೇ, ಆನೆ ಯಾವ ಕಡೆಯಿಂದ ದಾಟುತ್ತದೆ ಎಂಬುದೂ ಅದೇ ಹಾಳೆಯಲ್ಲಿರಬೇಕು. ಆನೆ ಬಂದ ಮರುದಿನ ಇಡೀ ಲೈನಿನ ಮಕ್ಕಳು ಗೈರು. ಅದಕ್ಕೆ ‘ಪೋಷಕರ ನಿರ್ಲಕ್ಷ್ಯ’ ಎಂದು ಷರಾ ಬರೆಯುವ ಅಭ್ಯಾಸವೊಂದಿದೆ, ಬಿಡಬೇಕು.

ಲೈನಿನಲ್ಲಿ ಮೂರೋ ನಾಲ್ಕೋ ಮಕ್ಕಳಿದ್ದರೆ ಶೇಕಡಾ ಲೆಕ್ಕ ಹಾಕಬೇಡಿ, ಒಂದು ಮಗು ಊರು ಬಿಟ್ಟರೆ ಅದು ಬುಡಮೇಲು. ಅಕ್ಕಪಕ್ಕದ ಲೈನುಗಳನ್ನು, ಮೂರು ವರ್ಷದ ಹಾಳೆಗಳನ್ನು ಕೂಡಿಸಿ ನೋಡಿ. ಹಾಗೆ ಕೂಡಿಸಿದ್ದನ್ನು ಮಾತ್ರ ಸಭೆಗೆ ಒಯ್ಯಿರಿ. ಮಗುವಿನ ಹೆಸರು ಹಾಳೆ ದಾಟಿ ಹೋಗಬಾರದು.

ಸರಿಪಡಿಸುವ ಮಾತಿಗೆ ಸಾಹುಕಾರರಿಗಿಂತ (ತೋಟದ ಮಾಲೀಕರಿಗಿಂತ) ಮೊದಲು ರೈಟರ್ (ತೋಟದ ಕೆಲಸದ ಮೇಲ್ವಿಚಾರಕ) ಹತ್ತಿರ ಹೋಗಿ. ಯಾವ ಬ್ಲಾಕಿನಲ್ಲಿ ಯಾರು ಕೊಯ್ಯಬೇಕು, ಗೇಟಿನ ಬೀಗ ಯಾವಾಗ ತೆಗೆಯಬೇಕು ಎಲ್ಲ ಅವರ ಕೈಯಲ್ಲಿದೆ. ಐವತ್ತು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಹೇಳಿತ್ತು. ಕೊಡಗಿನ ಸಣ್ಣ ಹಿಡುವಳಿಗಳಿಗೆ ಆ ಲೆಕ್ಕ ತಾಗುವುದೇ ಇಲ್ಲ. ಅಲ್ಲಿ ನಾವು ಕೇಳುವುದು ಮೂರೇ: ಬೆಳಿಗ್ಗೆ ಒಂಬತ್ತಕ್ಕೆ ಗೇಟು, ಆರು ಮಕ್ಕಳಿಗೊಬ್ಬರಂತೆ ಕರೆದೊಯ್ಯುವವರು, ಕೊಯ್ಲಿನ ತಿಂಗಳಲ್ಲಿ ಬಲೆ ಕಟ್ಟಿ ಬಿಟ್ಟುಕೊಟ್ಟ ಕಣದ ಒಂದು ಮೂಲೆ. ಮೊದಲ ಎರಡಕ್ಕೆ ಹೆಚ್ಚಾಗಿ ಒಪ್ಪುತ್ತಾರೆ. ಕಣದ ಮೂಲೆ ಕೇಳುವುದಾದರೆ ನವೆಂಬರಿನಲ್ಲೇ ಕೇಳಿ. ಕಾಫಿ ಹರಡಿದ ಮೇಲೆ ಯಾರೂ ಕೊಡುವುದಿಲ್ಲ.