ಹುಟ್ಟಿದ ನಾಡಿನಲ್ಲಿ ಕ್ರೈಸ್ತ ಮಕ್ಕಳ ಮನೆಯನ್ನು ಆರಂಭಿಸುವವರಿಗೆ

ನಮ್ಮ ಕಡೆ ಹುಟ್ಟಿ ಬೆಳೆದು ದುಡಿಮೆಗೆಂದು ದುಬೈಗೋ ಲಂಡನ್ನಿಗೋ ಹೋದ ಕ್ರೈಸ್ತ ಬಂಧುಗಳು ಕ್ರಿಸ್ಮಸ್ ರಜೆಗೆ ಹುಬ್ಬಳ್ಳಿಗೆ ಬಂದಾಗ, ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: “ಅಪ್ಪನ ಹೆಸರಲೆ ಎರಡು ಎಕರೆ ಜಾಗಾ ಐತ್ರಿ, ಅಲ್ಲೊಂದು ಅನಾಥಾಶ್ರಮ ಕಟ್ಟಬೇಕಂತ ಆಸೆ ಐತಿ. ಎಲ್ಲಿಂದ ಶುರು ಮಾಡೂಣ್ರಿ?” ಮಕ್ಕಳ ಮನೆಯೊಂದರ ಆಡಳಿತ ಮಂಡಳಿಯಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ನಾನು ಕೊಡುವ ಉತ್ತರವೂ ಒಂದೇ. ಜಾಗವನ್ನು ಸದ್ಯಕ್ಕೆ ಮರೆತುಬಿಡಿ, ಯಾವ ಮಗುವಿಗಾಗಿ ಈ ಮನೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಈ ನೆಲದಲ್ಲಿ ಇಂಥ ಸೇವೆಗೆ ಹಳೆಯ ಬೇರುಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಮಾಡಿಕೊಂಡು ಶಾಲೆ ತೆರೆದರು. 1876–78ರ ಬರ ಈ ಪ್ರಾಂತವನ್ನು ಹಿಂಡಿದ ಕಾಲದಲ್ಲಿ ತಂದೆ ತಾಯಿ ಸತ್ತ ಮಗುವನ್ನು ಎತ್ತಿಕೊಂಡು ಬಂದವರೇ ಅದಕ್ಕೆ ಹೊಣೆಗಾರರಾಗುತ್ತಿದ್ದರು. ಕೇಳುವ ಕಾನೂನೂ ಇರಲಿಲ್ಲ, ಬೇರೆ ದಿಕ್ಕೂ ಇರಲಿಲ್ಲ. ಇಂದು ಮನೆ ಕಟ್ಟಲು ಹೊರಟವರಲ್ಲಿ ಅನೇಕರ ಕಣ್ಣ ಮುಂದಿರುವುದು ಅದೇ ಚಿತ್ರ, ಆದರೆ ಇಂದು ನಮ್ಮ ಬಾಗಿಲಿಗೆ ಬರುವ ಮಗು ಬೇರೆ. ಅದಕ್ಕೆ ಬಹುಮಟ್ಟಿಗೆ ತಾಯಿಯಾದರೂ ಇರುತ್ತಾಳೆ. ಗಂಡ ತೀರಿಕೊಂಡ ಹೆಂಗಸು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೆ ಹೋಗುತ್ತಿರುತ್ತಾಳೆ, ಇಲ್ಲವೇ ತಂದೆ ತಾಯಿ ಇಬ್ಬರೂ ಗದಗ ಜಿಲ್ಲೆಯ ಒಣ ಬೇಸಾಯದ ಊರುಗಳಿಂದ ಗೋವೆಗೋ ಮಂಗಳೂರಿಗೋ ಗುಳೆ ಹೋಗಿ, ಮಗು ಮುಪ್ಪಾದ ಅಜ್ಜಿಯ ಬಳಿ ಉಳಿದಿರುತ್ತದೆ.

ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯದ 27ನೆಯ ವಚನವನ್ನು ಮಕ್ಕಳ ಮನೆಗಳ ಗೋಡೆಯ ಮೇಲೆ ಬರೆಸುವುದುಂಟು. ಆ ವಚನ ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ ಎಂಬುದನ್ನು ನಾವು ಗಮನಿಸುವುದು ಕಡಿಮೆ. ಮಗುವನ್ನು ತಂದು ನಮ್ಮಲ್ಲಿ ಇಟ್ಟುಕೊಂಡು ವಿಧವೆಯನ್ನು ಅವಳ ಗುಡಿಸಲಿನಲ್ಲೇ ಬಿಟ್ಟುಬಂದರೆ ಅರ್ಧ ಕೆಲಸವೂ ಆದಂತಲ್ಲ. ಕಾನೂನಿನ ನಿಲುವೂ ಇದೇ ಆಗಿದೆ. 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಸಂಸ್ಥೆಯಲ್ಲಿ ಇರಿಸುವುದನ್ನು ಕೊನೆಯ ಉಪಾಯವೆಂದು ತನ್ನ ಮೂಲತತ್ವಗಳಲ್ಲಿಯೇ ಹೇಳಿದೆ. ವಿಧವೆ ಅಥವಾ ಪರಿತ್ಯಕ್ತ ತಾಯಿಯ ಬಳಿ ಇರುವ ಮಗುವಿಗೆ ಪ್ರಾಯೋಜಕತ್ವದ ನೆರವು ಕೊಡಲು ಅವಕಾಶ ಮಾಡಿದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ಈ ನೆರವು ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಆದ್ದರಿಂದ ಮೊದಲನೆಯ ವರ್ಷ ಕಟ್ಟಡಕ್ಕೆ ಕೈಹಾಕದೆ, ನಿಮ್ಮ ಸಭೆಯ, ಅಂದರೆ ಚರ್ಚಿನ ಬಳಗದ, ನಾಲ್ಕು ಮಂದಿಯನ್ನು ಕೂಡಿಸಿಕೊಂಡು ಇಂಥ ಹತ್ತು ತಾಯಂದಿರಿಗೆ ಅರ್ಜಿ ಬರೆದುಕೊಡುವ, ಬ್ಯಾಂಕ್ ಖಾತೆ ತೆರೆಸುವ, ಸಂಜೆ ಮಕ್ಕಳಿಗೆ ಪಾಠ ಮತ್ತು ಊಟ ಕೊಡುವ ಕೆಲಸ ಮಾಡಿರಿ. ಅದರಲ್ಲಿ ಎಂಟು ಮಕ್ಕಳು ತಮ್ಮ ಮನೆಯಲ್ಲಿಯೇ ಉಳಿದುಕೊಂಡರೆ ನಿಮ್ಮ ಮನೆ ಉಳಿದ ಇಬ್ಬರಿಗೆ, ಅಂದರೆ ನಿಜವಾಗಿ ಬೇಕಾದವರಿಗೆ, ಮೀಸಲಾಗುತ್ತದೆ.

ಅದಾದ ಮೇಲೂ ಮನೆ ಬೇಕೇಬೇಕು ಎನಿಸಿದರೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಜಿಲ್ಲೆಯಲ್ಲಿ ಯಾವ ಮಕ್ಕಳಿಗೆ ಜಾಗವಿಲ್ಲ ಎಂದು ಕೇಳಬೇಕು. ಸರ್ಕಾರಿ ಬಾಲಮಂದಿರದಲ್ಲಿ ಗಂಡುಮಕ್ಕಳಿಗೆ ಸಾಕಷ್ಟು ಸ್ಥಳವಿದ್ದು, ವಿಶೇಷ ಆರೈಕೆ ಬೇಕಾದ ಮಕ್ಕಳಿಗೆ ಇಲ್ಲದಿರಬಹುದು. ಆ ಉತ್ತರ ನಿಮ್ಮ ಕನಸಿಗೆ ಹೊಂದದಿದ್ದರೆ ಕನಸನ್ನೇ ಬದಲಿಸಿಕೊಳ್ಳಿ.

ನೋಂದಣಿಯ ಕೆಲಸ ಎರಡು ಹಂತದ್ದು. ಮೊದಲು ಸಂಸ್ಥೆ ಹುಟ್ಟಬೇಕು: ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಬಹುದು, ಇಲ್ಲವೇ ಕನಿಷ್ಠ ಏಳು ಮಂದಿ ಕೂಡಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳಬಹುದು. ಗಂಡ, ಹೆಂಡತಿ, ಭಾವಮೈದುನ ಇಷ್ಟೇ ಮಂದಿಯ ಟ್ರಸ್ಟ್ ಬೇಡವೆಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಮಾತಿಗೆ ಎದುರಾಡಬಲ್ಲ ಒಬ್ಬ ಲೆಕ್ಕಪರಿಶೋಧಕರು, ಒಬ್ಬ ವೈದ್ಯರು, ನಿವೃತ್ತ ಶಿಕ್ಷಕಿಯೊಬ್ಬರು ಅದರಲ್ಲಿ ಇರಲಿ. ಎರಡನೆಯದು ಬಾಲನ್ಯಾಯ ಕಾಯ್ದೆಯ 41ನೆಯ ಕಲಮಿನಡಿ ಮನೆಯ ನೋಂದಣಿ. ಅನುದಾನ ಪಡೆಯಲಿ ಬಿಡಲಿ, ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಗೂ ಇದು ಕಡ್ಡಾಯ. ಜಿಲ್ಲಾಧಿಕಾರಿಗಳ ಶಿಫಾರಸನ್ನು ನೋಡಿ ಕೊಡುವ ಈ ನೋಂದಣಿ ಐದು ವರ್ಷಕ್ಕೆ ಊರ್ಜಿತ. ನೋಂದಣಿಯಿಲ್ಲದೆ ಮನೆ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. ‘ಹಾಸ್ಟೆಲ್’ ಎಂದು ಬೋರ್ಡ್ ಬರೆಸಿ ಈ ಕಾನೂನಿನಿಂದ ನುಣುಚಿಕೊಳ್ಳಬಹುದೆಂದು ಹೇಳುವವರ ಮಾತನ್ನು ದಯವಿಟ್ಟು ಕೇಳಬೇಡಿ.

ಮಕ್ಕಳನ್ನು ಆರಿಸುವ ಅಧಿಕಾರ ನಿಮ್ಮದಲ್ಲ. ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆಯೇ ಮಗು ನಿಮ್ಮಲ್ಲಿ ಉಳಿಯಬೇಕು. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಸಿಕ್ಕ ಮಗುವನ್ನು ಯಾರೋ ರಾತ್ರಿ ಹನ್ನೊಂದಕ್ಕೆ ನಿಮ್ಮ ಬಾಗಿಲಿಗೆ ತಂದರೆ ಬಿಸಿ ಅನ್ನ ಕೊಟ್ಟು ಮಲಗಿಸಿರಿ, ಅದರೊಂದಿಗೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಿರಿ. ಮಗುವನ್ನು ದತ್ತು ಕೊಡುವ ಮಾತನ್ನಂತೂ ಸ್ವಂತವಾಗಿ ಆಡಲೇಬೇಡಿ.

ಇನ್ನು ಕಟ್ಟಡ. ಹೊಲದ ಜಾಗವಾದರೆ ಮೊದಲು ಎನ್‌ಎ, ಅಂದರೆ ಕೃಷಿಯೇತರ ಜಮೀನು, ಆಗಬೇಕು. ಬಾಲನ್ಯಾಯ ಕಾಯ್ದೆಯ ಮಾದರಿ ನಿಯಮಗಳು ಮಲಗುವ ಕೋಣೆಯಲ್ಲಿ ಮಗುವಿಗೆ 40 ಚದರ ಅಡಿ, ಏಳು ಮಕ್ಕಳಿಗೆ ಒಂದು ಶೌಚಾಲಯ, ಹತ್ತು ಮಕ್ಕಳಿಗೆ ಒಂದು ಸ್ನಾನದ ಮನೆ ಇರಬೇಕೆನ್ನುತ್ತವೆ. ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಮನೆಗಳು ಬೇಕು. ಈ ಅಳತೆಗಳನ್ನು ಎಂಜಿನಿಯರರು ನೋಡಿಕೊಳ್ಳುತ್ತಾರೆ, ಆದರೆ ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನೀರನ್ನು ನೀವೇ ಲೆಕ್ಕ ಹಾಕಬೇಕು. ಮಲಪ್ರಭೆಯ ನೀರು ದಿನಾಲೂ ಬಾರದ ಬಡಾವಣೆಯಲ್ಲಿ ಎಂಟು ದಿನಕ್ಕೊಮ್ಮೆ ನಲ್ಲಿ ಬರುತ್ತದೆಂದು ಹಿಡಿಯಿರಿ. ಮಗುವೊಂದಕ್ಕೆ ದಿನಕ್ಕೆ 70 ಲೀಟರಿನಂತೆ 25 ಮಕ್ಕಳಿಗೆ 1,750 ಲೀಟರ್, ಎಂಟು ದಿನಕ್ಕೆ 14,000 ಲೀಟರ್. ಸಂಪು ಅದಕ್ಕಿಂತ ಚಿಕ್ಕದಾದರೆ ಕೊನೆಯ ಎರಡು ದಿನ ಶೌಚಾಲಯಕ್ಕೆ ನೀರಿಲ್ಲ, ಮೂರನೆಯ ದಿನ ಮಕ್ಕಳಿಗೆ ತುರಿಕೆ. ಇಪ್ಪತ್ತೈದಕ್ಕಿಂತ ಹೆಚ್ಚು ಮಕ್ಕಳ ಮನೆಯನ್ನು ಮೊದಲ ಸಲ ಮಾಡುವವರು ಮಾಡಬಾರದು, ಏಕೆಂದರೆ ಐವತ್ತು ಮಕ್ಕಳಿರುವಲ್ಲಿ ಯಾವ ಮಗು ರೊಟ್ಟಿ ಬಿಟ್ಟೆದ್ದಿತು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಟ್ಟಡಕ್ಕಿಂತ ಸಿಬ್ಬಂದಿಗೆ ಹೆಚ್ಚು ಖರ್ಚು ಮಾಡಿರಿ. ಹೆಣ್ಣುಮಕ್ಕಳ ಮನೆಯಲ್ಲಿ ಮೇಲ್ವಿಚಾರಕರೂ ಸಿಬ್ಬಂದಿಯೂ ಹೆಂಗಸರೇ ಆಗಿರಬೇಕು. ಸಭಾಪಾಲಕರ (ಪಾಸ್ಟರರ) ಶಿಫಾರಸು ಇದ್ದರೂ ಪೊಲೀಸ್ ಪರಿಶೀಲನೆ ಮಾಡಿಸದೆ ಒಬ್ಬರನ್ನೂ ತೆಗೆದುಕೊಳ್ಳಬೇಡಿ. ಹೊಡೆಯುವುದು ಅಪರಾಧವೆಂದು ಕೆಲಸಕ್ಕೆ ಸೇರುವ ದಿನವೇ ಬರವಣಿಗೆಯಲ್ಲಿ ಸಹಿ ಮಾಡಿಸಿಕೊಳ್ಳಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯ ಮರ್ಯಾದೆ ಹೋಗುತ್ತದೆಂದು ಹಿರಿಯರೆಲ್ಲ ಕುಳಿತು ಒಳಗೊಳಗೇ ಬಗೆಹರಿಸಿದರೆ ಅದು ಆ ಮಗುವಿಗೆ ಮಾಡುವ ಎರಡನೆಯ ದ್ರೋಹ, ಮತ್ತು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೂ ಶಿಕ್ಷೆಯುಂಟು.

ಮನೆ ‘ಕ್ರೈಸ್ತ’ವಾಗುವುದು ಹೇಗೆ ಎಂಬ ಪ್ರಶ್ನೆಗೆ ನಾನು ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸಿನವರು ಹೆಚ್ಚು ತಪ್ಪುವುದು ಇಲ್ಲಿಯೇ. ಸಮಿತಿಯು ಕಳಿಸುವ ಮಕ್ಕಳು ಎಲ್ಲ ಮನೆತನಗಳಿಂದಲೂ ಬರುತ್ತಾರೆ: ಹಣೆಗೆ ವಿಭೂತಿ ಹಚ್ಚಿಕೊಂಡು ಬಂದ ಹುಡುಗನಿರುತ್ತಾನೆ, ರಂಜಾನ್ ಉಪವಾಸ ಹಿಡಿಯಬೇಕೆನ್ನುವ ಹುಡುಗಿಯಿರುತ್ತಾಳೆ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೆಯ ವಿಧಿ, ಮನೆಯಿಂದ ಹೊರಗೆ ಬೆಳೆಯುವ ಮಗುವಿನ ಧರ್ಮ, ಸಂಸ್ಕೃತಿ, ಭಾಷೆಗಳ ಹಿನ್ನೆಲೆಗೆ ಗೌರವ ಕೊಡಬೇಕೆಂದು ಹೇಳುತ್ತದೆ. ಬೆಳಗಿನ ಪ್ರಾರ್ಥನೆ ನಡೆಯಲಿ, ಆದರೆ ಅದಕ್ಕೆ ಬಾರದ ಮಗುವಿಗೆ ತಿಂಡಿ ತಡವಾಗಬಾರದು. ಹೊರಡುವ ಹೊತ್ತಿಗೆ ಅದರ ವಿಭೂತಿ ಅದರ ಹಣೆಯ ಮೇಲೆಯೇ ಇರಲಿ.

ಇದರಲ್ಲಿ ಹೊಟ್ಟೆಪಾಡಿನ ಪ್ರಶ್ನೆಯೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್ ಮತ್ತು ಬೌದ್ಧ ಧರ್ಮದವರಿಗೆ ಮಾತ್ರ ಪರಿಶಿಷ್ಟ ಜಾತಿಯ ಮನ್ನಣೆಯುಂಟು. ಶಾಲೆಗೆ ಸೇರಿಸುವಾಗ ಉತ್ಸಾಹದಿಂದ ಯಾರೋ ಧರ್ಮದ ಕಾಲಮ್ಮಿನಲ್ಲಿ ‘ಕ್ರೈಸ್ತ’ ಎಂದು ಬರೆಸಿದರೆ, ಆ ದಲಿತ ಮಗು ದೊಡ್ಡದಾದ ಮೇಲೆ ಮೀಸಲಾತಿಯ ಸೀಟಿಗಾಗಿ ತಹಶೀಲ್ದಾರರ ಕಚೇರಿಯಲ್ಲಿ ನಿಂತಾಗ ಆ ಒಂದು ಪದ ಅದಕ್ಕೆ ಅಡ್ಡ ಬರುತ್ತದೆ. ಮಗುವಿನ ಹೆಸರನ್ನಾಗಲಿ ಧರ್ಮವನ್ನಾಗಲಿ ದಾಖಲೆಯಲ್ಲಿ ಮುಟ್ಟಬೇಡಿ. ದೀಕ್ಷಾಸ್ನಾನ ಬೇಕೆನಿಸಿದರೆ ಅದನ್ನು ಬುದ್ಧಿ ಬಲಿತು, ನಮ್ಮ ಅನ್ನದ ಹಂಗಿಲ್ಲದ ದಿನ ಮಗು ತಾನೇ ನಿರ್ಧರಿಸಲಿ.

ನಾವು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಪಾಲಕರ ಭೇಟಿಯನ್ನು ನಾವು ತಿಂಗಳ ಎರಡನೆಯ ರವಿವಾರ ಆರಾಧನೆಯ ನಂತರ ಎಂದು ಗೊತ್ತುಮಾಡಿದ್ದೆವು. ಹಾವೇರಿ ಕಡೆಯ ಒಬ್ಬ ತಾಯಿ ಒಂದು ಬುಧವಾರ ಬಂದು, ಒಳಗೆ ಬಿಡದಿದ್ದುದಕ್ಕೆ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದಳು. ಸಂಜೆ ಶಾಲೆಯಿಂದ ಬಂದ ಮಗ ಅವಳನ್ನು ಕಂಡು ಓಡಿಹೋದ. ಅವಳು ಸೀರೆಯ ಸೆರಗಿನಿಂದ ಬುತ್ತಿಯ ಗಂಟು ಬಿಚ್ಚಿದಳು: ನಾಲ್ಕು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಬೆಳಗಿನಿಂದ ಬಿಸಿಲಿಗೆ ಒಣಗಿ ರೊಟ್ಟಿಯ ಅಂಚು ಮುರಿದಿತ್ತು. ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವಳಿಗೆ ಕೂಲಿಯ ಬಿಡುವು ಸಿಕ್ಕದ್ದೇ ಆ ದಿನ. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ನಾವು ಆ ನಿಯಮವನ್ನು ತೆಗೆದುಹಾಕಿದೆವು. ತಂದೆ ತಾಯಿ ಯಾವ ದಿನ ಬಂದರೂ ಒಳಗೆ ಕರೆದು ಊಟಕ್ಕೆ ಕೂರಿಸಬೇಕು, ಬರಲಾಗದವರೊಂದಿಗೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡಿಸಬೇಕು ಎಂದು ಬರೆದೆವು. ಎರಡು ವರ್ಷದೊಳಗೆ ಆ ಹುಡುಗ ಸಮಿತಿಯ ಆದೇಶದ ಮೇಲೆ ತಾಯಿಯ ಬಳಿಗೆ ಮರಳಿದ. ನೀವು ಮನೆಯ ನಿಯಮ ಬರೆಯುವಾಗ ಭೇಟಿಯ ನಿಯಮವನ್ನೇ ಮೊದಲು ಬರೆಯಿರಿ.

ಹಣದ ವಿಷಯದಲ್ಲಿ ವಿದೇಶದಲ್ಲಿರುವವರು ಒಂದು ಭೇದವನ್ನು ಚೆನ್ನಾಗಿ ತಿಳಿಯಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡುದಾರರೂ ಸೇರಿ, ಕೊಟ್ಟದ್ದು ಮತ್ತು ಅಲ್ಲಿಯ ಸಭೆ ಕೂಡಿಸಿ ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಬೇಕು. ಅದಕ್ಕೆ ಸಂಸ್ಥೆ ಮೂರು ವರ್ಷ ಹಳೆಯದಾಗಿ, ಆ ಅವಧಿಯಲ್ಲಿ ತನ್ನ ಮುಖ್ಯ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯ ನಂತರ ಇಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಅದರ ಶೇಕಡಾ 20ನ್ನು ಮೀರಬಾರದು, ಅದನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಅಂದರೆ ಮೊದಲ ಮೂರು ವರ್ಷ ನಿಮ್ಮ ಮನೆ ಬಹುಮಟ್ಟಿಗೆ ಇಲ್ಲಿಯ ಹಣದಲ್ಲಿ, ಇಲ್ಲವೇ ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಕಳಿಸಿದ ಹಣದಲ್ಲಿ ಬದುಕಬೇಕು. ಹೀಗಾಗಿ ಒಂದು ಪೂರ್ಣ ವರ್ಷದ ಖರ್ಚನ್ನು ಬ್ಯಾಂಕಿನಲ್ಲಿ ಇಡದೆ ಒಂದು ಮಗುವನ್ನೂ ಸ್ವೀಕರಿಸಬೇಡಿ. ಬೆಳೆ ಬಂದಾಗ ಒಂದು ಚೀಲ ಜೋಳ ಕೊಡುವ ಊರಿನ ರೈತನನ್ನೂ ದಾನಿಗಳ ಪಟ್ಟಿಯಲ್ಲಿ ಬರೆದುಕೊಳ್ಳಿ.

ದಾನಿಗಳಿಗೆ ಮಕ್ಕಳ ಫೋಟೊ ಕಳಿಸಿ, ಕೆಳಗೆ ಹೆಸರು ಮತ್ತು ಕಷ್ಟದ ಕಥೆ ಬರೆಯುವ ರೂಢಿಯನ್ನು ಬಿಡಬೇಕು. ಇಂಥ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ನಿಷೇಧಿಸಿದೆ. ಶಿಕ್ಷೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡು ಲಕ್ಷದವರೆಗಿನ ದಂಡ, ಇಲ್ಲವೇ ಎರಡೂ. ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿ ಅತಿಥಿಗಳಿಂದ ಮಕ್ಕಳಿಗೆ ಸುವಾರ್ತೆ ಸಾರಿಸುವುದೂ ಸಲ್ಲದು.

ಹದಿನೆಂಟು ತುಂಬಿದ ದಿನ ಮಗು ಮನೆಯಿಂದ ಹೊರಬೀಳುತ್ತದೆ. 21ರವರೆಗೆ ಪಾಲನೋತ್ತರ ನೆರವಿಗೆ ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ಅದಕ್ಕೆ ಹದಿನಾರನೆಯ ವಯಸ್ಸಿನಿಂದಲೇ ಸಿದ್ಧತೆ ಬೇಕು. ಪ್ರತಿ ಮಗುವಿನ ಹೆಸರಿನಲ್ಲೂ ಒಂದು ಫೈಲ್ ಇಡಿರಿ: ಜನನ ಪ್ರಮಾಣಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿಗಳು, ಬ್ಯಾಂಕ್ ಪಾಸ್‌ಬುಕ್, ತಾಯಿಯ ಊರು ಮತ್ತು ಸೋದರಮಾವನ ಫೋನ್ ನಂಬರ್, ಚಿಕ್ಕಂದಿನ ಎರಡು ಫೋಟೊ. ಹೊರಡುವ ದಿನ ಮೂಲ ಪ್ರತಿಗಳನ್ನೆಲ್ಲ ಅದರ ಕೈಗೆ ಕೊಟ್ಟು, ನಕಲುಗಳನ್ನು ನೀವು ಇಟ್ಟುಕೊಳ್ಳಿ. ಪಂಚಮಿಗೋ ಕ್ರಿಸ್ಮಸ್ಸಿಗೋ ಮರಳಿ ಬಂದಾಗ ಇಳಿದುಕೊಳ್ಳಲು ಕಚೇರಿಯ ಪಕ್ಕದಲ್ಲಿ ಹಾಸಿಗೆಯಿರುವ ಒಂದು ಕೋಣೆಯನ್ನು ನಕ್ಷೆಯಲ್ಲಿಯೇ ಬರೆಸಿಡಿ.