ಒಂದು ಅಪವರ್ತನ ಗೊತ್ತಿದ್ದರೆ ಉಳಿದವನ್ನು ಹುಡುಕುವ ಬಗೆ

ಘನ ಬಹುಪದೋಕ್ತಿಯನ್ನು ಅಪವರ್ತಿಸುವಾಗ ಕಷ್ಟವಿರುವುದು ಮೊದಲ ಅಪವರ್ತನವನ್ನು ಹುಡುಕುವುದರಲ್ಲಿ. ಅದನ್ನು ಪ್ರಶ್ನೆಯಲ್ಲೇ ಕೊಟ್ಟಿದ್ದರೆ ಉಳಿಯುವುದು ಒಂದು ಭಾಗಾಕಾರ, ಒಂದು ವರ್ಗ ಬಹುಪದೋಕ್ತಿ, ಅಷ್ಟೇ.

ಚರಾಕ್ಷರವನ್ನು ಕ್ಷ ಎಂದು ಬರೆಯೋಣ. 2ಕ್ಷ³ + 3ಕ್ಷ² − 11ಕ್ಷ − 6 ಎಂಬುದಕ್ಕೆ (ಕ್ಷ − 2) ಒಂದು ಅಪವರ್ತನ ಎಂದು ಕೊಟ್ಟಿದ್ದಾರೆ. ಮೊದಲು ಅದನ್ನು ಪರೀಕ್ಷಿಸಿ. ಕ್ಷ ಇರುವಲ್ಲೆಲ್ಲ 2 ಹಾಕಿದರೆ 16 + 12 − 22 − 6, ಅಂದರೆ ಸೊನ್ನೆ. ಹೀಗೆ ಸೊನ್ನೆ ಬಂದರೆ (ಕ್ಷ − 2) ಅಪವರ್ತನವೇ ಸರಿ; ಅಪವರ್ತನ ಪ್ರಮೇಯ ಕೇಳುವುದು ಇಷ್ಟನ್ನೇ. (ಕ್ಷ + 3) ಕೊಟ್ಟಿದ್ದರೆ ಹಾಕಬೇಕಾದದ್ದು −3 ಎಂಬುದು ನೆನಪಿರಲಿ.

ಈಗ ಸಹಗುಣಕಗಳನ್ನಷ್ಟೇ, ಅಂದರೆ ಪದಗಳಲ್ಲಿರುವ ಸಂಖ್ಯೆಗಳನ್ನಷ್ಟೇ, ಸಾಲಾಗಿ ಬರೆಯಿರಿ: 2, 3, −11, −6. ಮೊದಲ 2 ಹಾಗೆಯೇ ಕೆಳಗಿಳಿಯಲಿ. ಅದನ್ನು ಪರೀಕ್ಷೆಯಲ್ಲಿ ಕ್ಷ ಜಾಗಕ್ಕೆ ಹಾಕಿದ 2ರಿಂದ ಗುಣಿಸಿ 3ಕ್ಕೆ ಕೂಡಿಸಿದರೆ 7. ಏಳನ್ನು 2ರಿಂದ ಗುಣಿಸಿ −11ಕ್ಕೆ ಕೂಡಿಸಿದರೆ 3. ಮೂರನ್ನು 2ರಿಂದ ಗುಣಿಸಿ −6ಕ್ಕೆ ಕೂಡಿಸಿದರೆ 0. ಕೊನೆಯ ಸೊನ್ನೆ ಶೇಷ. ಉಳಿದ 2, 7, 3 ಭಾಗಲಬ್ಧದ ಸಹಗುಣಕಗಳು. ಅಂದರೆ 2ಕ್ಷ² + 7ಕ್ಷ + 3. ನಡುವಿನ ಪದವನ್ನು 6ಕ್ಷ + ಕ್ಷ ಎಂದು ಒಡೆದರೆ (2ಕ್ಷ + 1)(ಕ್ಷ + 3). ಮೂರೂ ಅಪವರ್ತನಗಳು ಸಿಕ್ಕವು.

ನಾನು ಒತ್ತಿ ಹೇಳಬೇಕಾದದ್ದು ಇನ್ನೊಂದಿದೆ. ಕ್ಷ³ − 7ಕ್ಷ + 6 ನೋಡಿ. (ಕ್ಷ − 1) ಅದರ ಅಪವರ್ತನ. ಇಲ್ಲಿ ಕ್ಷ² ಪದವಿಲ್ಲ, ಆ ಜಾಗಕ್ಕೆ ಸೊನ್ನೆ ಬರೆಯಲೇಬೇಕು. ಮರೆತು 1, −7, 6 ಎಂದು ಬರೆದು ಭಾಗಿಸಿದರೆ 1, −6, 0 ಬರುತ್ತದೆ. ಶೇಷ ಸೊನ್ನೆಯಾದ್ದರಿಂದ ಎಲ್ಲವೂ ಸರಿಯಾಗಿದೆ ಎಂದೇ ಅನ್ನಿಸುತ್ತದೆ, ಆದರೆ ಉತ್ತರ ಪೂರ್ತಿ ತಪ್ಪು. ಒಂದರ ಯಾವ ಘಾತವೂ ಒಂದೇ ಆದ್ದರಿಂದ ಇಲ್ಲಿ ಶೇಷವೆಂದರೆ ಸಹಗುಣಕಗಳ ಮೊತ್ತ ಮಾತ್ರ. ಬಿಟ್ಟುಹೋದ ಸೊನ್ನೆಯನ್ನು ಅದು ಹಿಡಿದುಕೊಡಲಾರದು. ಹಾಗಾಗಿ ಸಾಲು ಬರೆದ ಕೂಡಲೇ ಎಣಿಸಿ: ಘನಕ್ಕೆ ನಾಲ್ಕು ಸಂಖ್ಯೆಗಳಿರಬೇಕು. 1, 0, −7, 6 ಎಂದು ಬರೆದರೆ ಭಾಗಲಬ್ಧ ಕ್ಷ² + ಕ್ಷ − 6, ಅಂದರೆ (ಕ್ಷ + 3)(ಕ್ಷ − 2).

ಭಾಗಲಬ್ಧ ಮುಂದೆ ಒಡೆಯದಿರುವುದೂ ಉಂಟು. ಕ್ಷ³ − 8 ಎಂಬುದನ್ನು (ಕ್ಷ − 2)ರಿಂದ ಭಾಗಿಸಿದರೆ ಕ್ಷ² + 2ಕ್ಷ + 4 ಬರುತ್ತದೆ. ಅದರ ಶೋಧಕ (ನಡುವಿನ ಸಹಗುಣಕದ ವರ್ಗದಿಂದ ಮೊದಲ ಮತ್ತು ಕೊನೆಯ ಸಹಗುಣಕಗಳ ಗುಣಲಬ್ಧದ ನಾಲ್ಕರಷ್ಟನ್ನು ಕಳೆದದ್ದು) 4 − 16 = −12. ಋಣ ಸಂಖ್ಯೆ ಬಂದ ಮೇಲೆ ವಾಸ್ತವ ಸಂಖ್ಯೆಗಳಲ್ಲಿ ಅಪವರ್ತನಗಳಿಲ್ಲ. (ಕ್ಷ − 2)(ಕ್ಷ² + 2ಕ್ಷ + 4) ಎಂದು ಬರೆದು ನಿಲ್ಲಿಸಿ.